ಸಾರಿಗೆ ಬಿದ್ದ ಬೂದಿ

ಮುಚ್ಚಳ ವಾಲಿಯೇಬಿಟ್ಟಿತು. ಕೊಕ್ಕೆಗೆ ಸಿಕ್ಕಿಸಿ ಮೇಲೆತ್ತುವವರೆಗೂ ಥೆಲ್ಮಾಳ ಮಣಿಕಟ್ಟು ಹೇಳಿದ ಮಾತು ಕೇಳಿತ್ತು. ಪಕ್ಕಕ್ಕೆ ಸರಿಸುವ ಹೊತ್ತಿಗೆ ಕೈಕೊಟ್ಟಿತು. ಮುಚ್ಚಳದ ಮೇಲೆ ಹರಡಿದ್ದ ಕೆಂಡಗಳಲ್ಲಿ ಎರಡು ಮೂರು ಚುಂಯ್ ಎಂದು ಸಾರಿಗೆ ಬಿದ್ದವು, ಅವುಗಳ ಹಿಂದೆಯೇ ಒಂದು ಬೊಗಸೆ ಬೂದಿ. ಮಧ್ಯಾಹ್ನದಿಂದ ಬೀಡುಕಬ್ಬಿಣದ ಪಾತ್ರೆಯಲ್ಲಿ ಹದವಾಗಿ ಬೆಂದಿದ್ದ ಮಾಂಸದ ಸಾರು ನೋಡನೋಡುತ್ತ ಬೂದುಬಣ್ಣಕ್ಕೆ ತಿರುಗಿತು.

"ಹಾಳಾದ್ದು," ಎಂದಳು. ಬೈದದ್ದು ಪಾತ್ರೆಯನ್ನೋ ಕೈಯನ್ನೋ ಅವಳಿಗೇ ಗೊತ್ತಾಗಲಿಲ್ಲ. ಕೆಂಡಗಳನ್ನು ಸೌಟಿನಿಂದ ಹೆಕ್ಕಿ ಎಸೆದಳು. ಬೂದಿಯನ್ನು ತೆಗೆಯಹೋದರೆ ಅದು ಇನ್ನಷ್ಟು ಬೆರೆಯಿತು. ಬೇರೆ ಸಾರು ಮಾಡೋಣವೆಂದರೆ ಹೊತ್ತಿಲ್ಲ. ದನಗಳನ್ನು ಬೇಲಿಯೊಳಗೆ ಕೂಡಿ ಒಂಬತ್ತು ಜನ ಹಸಿದು ಬರುತ್ತಿದ್ದರು.

ಕ್ವೀನ್ಸ್‌ಲ್ಯಾಂಡಿನ ಬಯಲಿನಲ್ಲಿ ದನ ಅಟ್ಟಿಕೊಂಡು ತಿರುಗುವ ಆ ಕ್ಯಾಂಪಿಗೆ ಹದಿನಾರು ವರ್ಷ ಬೇಯಿಸಿ ಹಾಕಿದ್ದಳು ಥೆಲ್ಮಾ. ಒಂದು ಸಲವೂ ಬೂದಿ ಬೀಳಿಸಿದವಳಲ್ಲ. ಕೆಂಡ ತುಂಬಿದ ಮುಚ್ಚಳವನ್ನು ಎತ್ತುವುದರಲ್ಲೇ ಅಡುಗೆಯವರ ಯೋಗ್ಯತೆ ಅಳೆಯುವ ಜನ ಇವರು. ಅವಳಿಗಿಂತ ಮುಂಚೆ ಇದ್ದ ಮುದುಕ ಬರ್ಟ್‌ನ ಕೈ ನಡುಗತೊಡಗಿದಾಗ, ಕ್ಯಾಂಪಿನ ಯಜಮಾನ ಕ್ಲೈವ್ ವಾರದೊಳಗೆ ಅವನನ್ನು ಊರಿಗೆ ಸಾಗಹಾಕಿದ್ದ. ಕಳೆದ ಚಳಿಗಾಲದಿಂದ ತನ್ನ ಮಣಿಕಟ್ಟು ನೋಯುತ್ತಿರುವುದನ್ನು ಥೆಲ್ಮಾ ಅದಕ್ಕೇ ಯಾರಿಗೂ ಹೇಳಿರಲಿಲ್ಲ. ಎಲ್ಲರೂ ಕುದುರೆಗಳ ಹತ್ತಿರ ಇರುವಾಗಲೇ ಮುಚ್ಚಳ ಎತ್ತಿ ಮುಗಿಸುತ್ತಿದ್ದಳು.

ಬೈಗುಳಕ್ಕೇನೂ ಅವಳು ಹೆದರುವವಳಲ್ಲ. ಆ ಕ್ಯಾಂಪಿನಲ್ಲಿ ಅಡುಗೆಯವಳನ್ನು ಆಡಿಕೊಳ್ಳದೆ ಯಾರಿಗೂ ತುತ್ತು ಇಳಿಯದು. ಅದರಲ್ಲೂ ಕೆಂಪುಗಡ್ಡದ ಡ್ಯಾರಲ್‌ನದು ಎಲುಬಿಲ್ಲದ ನಾಲಿಗೆ. ನಿನ್ನೆ ತಾನೇ ತಟ್ಟೆ ಹಿಡಿದು ನಿಂತು, "ಏ ಮುದುಕಿ, ಬೆಳಿಗ್ಗೆಯಿಂದ ನನ್ನ ಕುದುರೆ ಜೀನು ಕಾಣ್ತಿಲ್ಲ. ಬೇಯಿಸ್ಬಿಟ್ಯಾ ಹೆಂಗೆ?" ಎಂದಿದ್ದ.

"ನಿನ್ನ ಜೀನಾಗಿದ್ರೆ ಆ ನಾತಕ್ಕೆ ನಾಯಿಗಳೂ ಓಡಿಹೋಗಿರ್ತಿದ್ವು. ಮುಚ್ಕೊಂಡು ತಿನ್ನೋ," ಎಂದು ಅವನಿಗೆ ಇನ್ನೊಂದು ಸೌಟು ಹೆಚ್ಚಿಗೆ ಹಾಕಿದ್ದಳು.

ಇವತ್ತಂತೂ ಅವನಿಗೆ ಹಬ್ಬ. ಬೂದಿಯ ನೆಪದಲ್ಲಿ ಒಂದು ವಾರಕ್ಕಾಗುವಷ್ಟು ಮಾತು ಸಿಕ್ಕಿತು. ಅನ್ನಲಿ, ಅಂದು ಮುಗಿಸಲಿ ಎಂದುಕೊಂಡು ಥೆಲ್ಮಾ ಎರಡೂ ಕೈಯಲ್ಲಿ ಸೌಟು ಹಿಡಿದು ಬಡಿಸಿದಳು. ಒಂದು ಕೈಯಲ್ಲಿ ಆಗುತ್ತಿರಲಿಲ್ಲ.

ಒಂಬತ್ತು ಜನರೂ ನೆಲದ ಮೇಲೆ ಕುಳಿತು ತಿಂದರು. ಇದ್ದಿಲ ಚೂರು ಹಲ್ಲಿಗೆ ಸಿಕ್ಕಿ ಕರಕರ ಎನ್ನುವುದು ಒಲೆಯ ಹತ್ತಿರ ನಿಂತವಳಿಗೂ ಕೇಳುತ್ತಿತ್ತು. ಯಾರೂ ತಲೆ ಎತ್ತಲಿಲ್ಲ, ತುಟಿ ಬಿಚ್ಚಲಿಲ್ಲ. ಕೊನೆಗೆ ಅವಳಿಗೇ ತಡೆಯಲಾಗಲಿಲ್ಲ.

"ಏನೋ ಡ್ಯಾರಲ್, ನಾಲಿಗೆ ಬಿದ್ದುಹೋಯ್ತಾ? ಇವತ್ತು ಜೀನಲ್ಲ ಕಣೋ, ಒಲೆಯನ್ನೇ ಬೇಯಿಸಿ ಹಾಕಿದ್ದೀನಿ."

ಡ್ಯಾರಲ್ ಬಾಯಲ್ಲಿದ್ದುದನ್ನು ಕಷ್ಟಪಟ್ಟು ನುಂಗಿದ. "ಚೆನ್ನಾಗಿದೆಯಮ್ಮಾ," ಎಂದ. "ನೀವೂ ಒಂಚೂರು ಕೂತ್ಕೊಳ್ಳಿ. ಬೆಳಿಗ್ಗೆಯಿಂದ ನಿಂತೇ ಇದ್ದೀರಿ."

ಡ್ಯಾರಲ್ ಅಷ್ಟು ಮರ್ಯಾದೆಯಿಂದ ಮಾತಾಡುವುದು ಊರಿನ ಪೊಲೀಸಿನವನ ಎದುರು ಮಾತ್ರ. ಇಷ್ಟು ದಿನವೂ ಇವರೆಲ್ಲ ತನ್ನ ಕೈಯ ವಿಷಯ ಗೊತ್ತಿದ್ದೇ ಕುದುರೆಗಳ ಹತ್ತಿರ ತಡಮಾಡುತ್ತಿದ್ದರೇನೋ ಎಂಬ ಅನುಮಾನ ಅವಳಿಗೆ ಆಗ ಬಂತು. ನಾಚಿಕೆಯೂ ಆಯಿತು, ಅಳುವೂ ಬಂತು.

ಊಟವಾದ ಮೇಲೆ ಡ್ಯಾರಲ್ ಕೇಳದೆಯೇ ಪಾತ್ರೆಯನ್ನು ಎತ್ತಿಕೊಂಡು ಹೋದ. ಬೇರೆಯವರಿಗೆ ಅದನ್ನು ಮುಟ್ಟಲೂ ಬಿಡದವಳು, ಸೋಪು ಹಾಕಿದವನ ಕೈ ಮುರಿಯುತ್ತೇನೆ ಎಂದು ಹದಿನಾರು ವರ್ಷ ಹೆದರಿಸಿದವಳು, ಸುಮ್ಮನೆ ನೋಡುತ್ತ ನಿಂತಳು. ಅವನು ಬರೀ ಬಿಸಿನೀರಿನಲ್ಲಿ ಉಜ್ಜಿದ. ಬೆಂಕಿಯ ಮೇಲಿಟ್ಟು ಹನಿ ನೀರೂ ಉಳಿಯದಂತೆ ಆರಿಸಿದ. ಬಟ್ಟೆಚೂರಿಗೆ ದನದ ಕೊಬ್ಬು ಹಚ್ಚಿ ಒಳಗೂ ಹೊರಗೂ ತೆಳ್ಳಗೆ ಸವರಿ, ಹೆಚ್ಚಾದದ್ದನ್ನು ಒರೆಸಿದ. ಒಂದಾದರೂ ತಪ್ಪು ಸಿಕ್ಕೀತೇ ಎಂದು ಅವಳು ಕಾದಳು. ಸಿಗಲಿಲ್ಲ. ಹಿಟ್ಟಿನ ಡಬ್ಬದ ಮೇಲೆ ಹೋಗಿ ಕುಳಿತಳು.

ಕ್ಲೈವ್ ಎರಡು ಲೋಟ ಟೀ ತಂದು ಒಂದನ್ನು ಅವಳ ಕೈಗಿಟ್ಟ. ಅದಕ್ಕೂ ಅವಳು ಎರಡು ಕೈ ಚಾಚಬೇಕಾಯಿತು.

"ಬೇರೆ ಅಡುಗೆಯವರನ್ನ ನೋಡ್ಕೊಳಪ್ಪಾ," ಎಂದಳು.

"ಯಾಕೆ, ಏನಾಗಿದೆ ನಿಂಗೆ? ಕೈ ನೋವಿದ್ರೆ ಮುಚ್ಚಳ ಹುಡುಗರು ಎತ್ತುತ್ತಾರೆ. ನೀನು ಕೂತ್ಕೊಂಡು ಹೇಳ್ತಾ ಇರು."

"ಮುಚ್ಚಳ ಬೇರೆಯವರು ಎತ್ತೋ ಹಾಗಿದ್ರೆ ನಾನು ಯಾವ ಸೀಮೆ ಅಡುಗೆಯವಳು?"

ಕ್ಲೈವ್ ಲೋಟ ಕೆಳಗಿಟ್ಟು, "ಅಲ್ಲ ಥೆಲ್ಮಾ, ಎಲ್ಲರೂ ತಟ್ಟೆ ಬಳಿದು ತಿಂದ್ರಲ್ಲ," ಎಂದ. "ಒಬ್ಬನಾದ್ರೂ ಒಂದು ಮಾತು ಅಂದನಾ?"

"ಅನ್ಲಿಲ್ಲ," ಎಂದಳು ಥೆಲ್ಮಾ. "ಅದಕ್ಕೇ ಹೋಗ್ತೀನಿ ಅಂತಿರೋದು."