ಹನ್ನೆರಡು ಅಡಿಯೊಳಗೆ

ಒಂದು ಪಾತ್ರೆಗೆ ಬಿದ್ದ ಪೆಟ್ಟು, ಜನರ ಮೈಮೇಲಿದ್ದದ್ದನ್ನು ಬಿಟ್ಟು, ಹನ್ನೆರಡು ಅಡಿಯೊಳಗಿನ ಸಾಮಾನಿಗೆಲ್ಲ ಹಂಚಿಹೋಗುವ ಕಾಲ ಅದು. ಸುತ್ತಿಗೆ ಎತ್ತುವವರು ಮೊದಲು ‘ಹೊಡಿತೀನ್ರೀ’ ಎಂದು ಮೂರು ಸಲ ಕೂಗಬೇಕು. ನೆರೆಯವರು ಸಾಮಾನು ದೂರ ಒಯ್ಯಬೇಕು. ಪಕ್ಕದ ಮನೆಯ ಚನ್ನಬಸಪ್ಪ ಮಾತ್ರ ಆ ಮೂರು ಕೂಗನ್ನೂ ಪಿಸುಗುಟ್ಟಿ, ತಗ್ಗು ತೆಗೆಯಲೆಂದು ತನ್ನ ಹಳೇ ಬೋಗುಣಿ ಬಡಿಯುತ್ತಿದ್ದ. ಗೋಡೆಯಾಚೆ ನೀಲವ್ವನ ತವರಿನ ತಾಮ್ರದ ಕೊಡ ದಿನಕ್ಕೊಂದು ಕಡೆ ತಗ್ಗಾಗುತ್ತಿತ್ತು.

“ಜೋರಾಗಿ ಕೂಗಬಾರ್ದನ, ಅಣ್ಣಾ?”

“ಕೂಗೀನಲ್ಲ ತಂಗೀ. ನಿನ್ನ ಕಿವಿ ತೋರಿಸ್ಕೊ,” ಎಂದು ಅವನು ಹೊಸ ಹಲ್ಲಿನ ಸೆಟ್ ತೋರಿಸಿ ನಕ್ಕ.

ಮರುದಿನ ಅವನು ಸ್ನಾನಕ್ಕೆ ಹೋಗುವ ಮುನ್ನ ಸೆಟ್ಟನ್ನು ಲೋಟಕ್ಕೆ ಹಾಕಿದ ಸದ್ದು ಗೋಡೆಯಾಚೆಯಿಂದಲೇ ನೀಲವ್ವನಿಗೆ ಕೇಳಿಸಿತು. ಅವಳು ಕೊಡವನ್ನು ಅದೇ ಗೋಡೆಗೆ ಒರಗಿಸಿ, ಮೂರು ಸಲ ಪಿಸುಗುಟ್ಟಿ, ಕಣ್ಣು ಮುಚ್ಚಿಕೊಂಡು ಒನಕೆಯಿಂದ ಬಾರಿಸಿದಳು.

ಸ್ವಲ್ಪ ಹೊತ್ತಿಗೆ ಆಚೆಯಿಂದ ಬೈಗುಳ ಬಂತು. ಹಲ್ಲಿಲ್ಲದ ಬಾಯಿ, ಒಂದೂ ಅರ್ಥವಾಗಲಿಲ್ಲ.

“ಜೋರಾಗಿ ಹೇಳಣ್ಣಾ,” ಎಂದಳು ನೀಲವ್ವ, ಚಪ್ಪಟೆಯಾದ ಕೊಡವನ್ನು ಮಡಿಲಲ್ಲಿಟ್ಟುಕೊಂಡು. “ನನ್ನ ಕಿವಿ ಚಲೋ ಇಲ್ಲಲ್ಲ.”