ಮಧ್ಯಂತರದ ಹಾಡು

ಹೆಣ್ಣುಮಕ್ಕಳ ಕಬಡ್ಡಿ ಫೈನಲ್ಲಿನ ಮಧ್ಯಂತರದಲ್ಲಿ ನಡುವಯಸ್ಸಿನ ಹೆಂಗಸೊಬ್ಬಳು ಮೈಕಿನ ಮುಂದೆ ಬಂದು ಲಂಬಾಣಿ ಹಾಡೊಂದನ್ನು ಎತ್ತಿಕೊಂಡಳು. ಕನ್ನಡಿ ಚೂರು ಹೊಲಿದ ಅವಳ ಲಂಗ ದೀಪದ ಬೆಳಕಿಗೆ ಚುಕ್ಕಿ ಚೆಲ್ಲಿದಂತೆ ಮಿನುಗಿತು. ಗ್ಯಾಲರಿಯಲ್ಲಿ ಕೂತಿದ್ದ ಊರಿನ ಹುಡುಗನೊಬ್ಬನಿಗೆ ಮಾತ್ರ ಮೈಯೆಲ್ಲ ಉರಿದುಹೋಯಿತು.

“ಒಂದಕ್ಷರ ತಿಳಿವಲ್ದು! ಕನ್ನಡದಾಗ ಹಾಡು, ಇಲ್ಲಾ ಕೆಳಗಿಳಿ!” ಎಂದು ಎದ್ದು ನಿಂತು ಕೂಗಿದ.

“ಹಾಡ್ಲಿ ಬಿಡೋ ತಮ್ಮಾ,” ಎಂದರು ಪಕ್ಕದಲ್ಲಿದ್ದ ಹಿರಿಯರು.

“ನಿಮ್ಮನಿ ಮದುವಿಗೆ ಕರಸ್ಕೋರಿ ಕಾಕಾ. ಇದು ನಮ್ಮೂರ ಮೈದಾನ!”

ಗ್ಯಾಲರಿಯೆಲ್ಲ ಅವನಿಗೆ ದನಿಗೂಡಿಸಿತು. ಸಂಘಟಕರು ಹೆದರಿ ಮೈಕು ಕಿತ್ತುಕೊಂಡರು. ಅರ್ಧ ಸಾಲನ್ನು ಬಾಯಲ್ಲೇ ಇಟ್ಟುಕೊಂಡು ಅವಳು ಇಳಿದುಹೋದಳು.

ಆಟ ಮುಗಿಯುವ ಹೊತ್ತಿಗೆ ಊರಿನ ತಂಡ ಒಂದೇ ಅಂಕ ಹಿಂದಿತ್ತು. ಕೊನೆಯ ರೇಡಿಗೆ ಬಂದವಳು ಕ್ಯಾಪ್ಟನ್. ಅವಳ ಚಿತ್ರವಿದ್ದ ಅಂಗಿಯನ್ನೇ ಅವನು ತೊಟ್ಟಿದ್ದ. ಆದರೆ ಗೆರೆ ದಾಟಿದವಳ ಬಾಯಲ್ಲಿ ‘ಕಬಡ್ಡಿ ಕಬಡ್ಡಿ’ ಇಲ್ಲ. ತುಟಿ ಬಿಗಿದು ನಿಂತೇಬಿಟ್ಟಳು. ಅಂಪೈರ್ ಸೀಟಿ ಊದಿ ಎದುರಾಳಿಗೆ ಅಂಕ ಕೊಟ್ಟ. ಕಪ್ ಕೈತಪ್ಪಿತು.

ಅವನು ಬೇಲಿ ಹಾರಿ ಅವಳತ್ತ ಓಡಿದ. “ಯಾಕವ್ವಾ ತಂಗಿ, ಬಾಯಿ ಯಾಕ ಬಿಡ್ಲಿಲ್ಲ?”

“ನಮ್ಮವ್ವನ ಬಾಯಿ ಮುಚ್ಚಿಸಿದೋರಿಗೆ ನನ್ನ ಬಾಯಿ ಯಾಕ ಬೇಕಣ್ಣಾ?”