ಹೂವಿನ ಸೂಪಿಗೆ ಚೀಟಿ

"ತಾತಾ, ನಾನು ಸತ್ತೆ" ಎಂದಳು ಮೊಮ್ಮಗಳು, ಬಿಸ್ಕತ್ತು ಅಗಿಯುತ್ತಲೇ.

ಪೇಪರ್ ಓದುತ್ತಿದ್ದ ಕಾಂಪೌಂಡರು ಕನ್ನಡಕವನ್ನು ಮೂಗಿನ ತುದಿಗಿಳಿಸಿ ಕಂಪ್ಯೂಟರಿನತ್ತ ನೋಡಿದರು. ಅಲ್ಲಿ ಮರ, ಬೆಟ್ಟ, ಹಸು, ಕೊನೆಗೆ ಸೂರ್ಯನೂ ಚೌಕ. ಇಟ್ಟಿಗೆಯ ಮೇಲೆ ಇಟ್ಟಿಗೆ ಪೇರಿಸಿ ಊರು ಕಟ್ಟುವ ಆಟವಂತೆ.

"ಹೇಗೆ ಸತ್ತೆ?"

"ಅಣಬೆ ಸೂಪಿಗೆ ಹೂವು ಹಾಕಿದ್ದೆ. ಒಂದು ಹೂವು ಹಾಕಿದ್ರೆ ಗಾಯ ವಾಸಿಯಾಗುತ್ತೆ, ಇನ್ನೊಂದು ಹಾಕಿದ್ರೆ ವಿಷ. ಸ್ಕೆಲಿಟನ್ ಬಾಣ ಬಿಡ್ತಿತ್ತಲ್ಲ, ಗಡಿಬಿಡೀಲಿ ವಿಷದ್ದೇ ಕುಡಿದುಬಿಟ್ಟೆ."

"ನೋಡ್ಕೊಂಡು ಕುಡಿಯೋಕೆ ಏನಾಗಿತ್ತು?"

"ಬಟ್ಟಲಿಗೆ ಹಾಕಿದ ಮೇಲೆ ಎಲ್ಲಾ ಒಂದೇ ಥರ ಕಾಣುತ್ತೆ ತಾತ."

"ಒಂದೇ ಥರ ಕಾಣುತ್ತೆ ಅಂತ ತಾನೇ ಚೀಟಿ ಅಂಟಿಸೋದು!" ಎಂದು ಗುಡುಗಿದ ಕಾಂಪೌಂಡರು ಮರುಕ್ಷಣವೇ ತಣ್ಣಗಾದರು. ನಲವತ್ತೆರಡು ವರ್ಷ ಸೀಸೆಗೆ ಮದ್ದು ತುಂಬಿ, ಕಾಗದ ಕತ್ತರಿಸಿ ಡೋಸಿನ ಗುರುತು ಅಂಟಿಸಿದ ಮನುಷ್ಯ, ಹೋದ ತಿಂಗಳು ಮಗನ ಔಷಧಿ ಅಂಗಡಿಯಲ್ಲಿ ಚೀಟಿ ಓದದೆ, ಬಾಟಲಿಯ ಬಣ್ಣ ನಂಬಿ, ಮೇಷ್ಟ್ರೊಬ್ಬರಿಗೆ ನಾಯಿಯ ಹೇನಿನ ಶಾಂಪೂ ಕೊಟ್ಟು ಕಳಿಸಿದ್ದರು. "ತುರಿಕೆ ಪೂರ್ತಿ ನಿಂತಿದೆ, ಇನ್ನೊಂದು ಕೊಡಿ" ಎಂದು ಮೇಷ್ಟ್ರು ಖುಷಿಯಿಂದ ಬಂದಾಗಲೇ ಗುಟ್ಟು ರಟ್ಟಾದದ್ದು. ಮಗ ಬೈಯಲಿಲ್ಲ. "ಅಪ್ಪಾ, ಇನ್ನು ನೀವು ಮನೇಲಿ ಆರಾಮಾಗಿರಿ" ಎಂದು ಅವರ ಬಿಳಿ ಕೋಟನ್ನು ಮಡಿಸಿ ಬೀರುವಿನಲ್ಲಿಟ್ಟ. ಅವತ್ತಿನಿಂದ ಅವರು ಆರಾಮಾಗಿದ್ದರು. ಅಂಥ ಆರಾಮ ಶತ್ರುವಿಗೂ ಬೇಡ ಎನ್ನಿಸುವಷ್ಟು.

"ಕುರ್ಚಿ ಪಕ್ಕಕ್ಕೆ ಸರಿಸು" ಎಂದರು ಈಗ.

ಮೂರು ದಿನ ಹೂವಿನ ಪರೀಕ್ಷೆ ನಡೆಯಿತು. ಒಂದು ಹೂವು, ಒಂದು ಬಟ್ಟಲು. ಕುಡಿದು ಏನಾಯಿತು ಹೇಳಬೇಕು. ಹಳದಿ ಹೂವಿಗೆ ಹೊಟ್ಟೆ ತುಂಬಿತು, ನೀಲಿಗೆ ಎತ್ತರಕ್ಕೆ ಜಿಗಿಯುವಂತಾಯಿತು, ಇನ್ಯಾವುದೋ ಪುಟ್ಟ ಹೂವಿಗೆ ಕಣ್ಣು ಕಾಣದೆ ಪೇಷಂಟು ಹಳ್ಳಕ್ಕೆ ಬಿದ್ದಳು. ಒಂದೊಂದು ಬಗೆಗೂ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಮರದ ಹಲಗೆ, ಹಲಗೆಯ ಮೇಲೆ ಕಾಂಪೌಂಡರು ಹೇಳಿ ಬರೆಸಿದ ಚೀಟಿ. ಬಿಳಿ ಗಂಟೆಯಂಥ ಹೂವಿನದ್ದಕ್ಕೆ ಮಾತ್ರ ದಪ್ಪಕ್ಷರದಲ್ಲಿ 'ವಿಷ. ಮುಟ್ಟಬೇಡಿ'. ಅದಕ್ಕೆ ಮದ್ದಾಗಿ ಇನ್ನೊಂದು ಪೆಟ್ಟಿಗೆಯಲ್ಲಿ ಹಾಲಿನ ಬಕೆಟ್ಟು. ಮೊಮ್ಮಗಳು ಆಟದೊಳಗೆ ಬೆಳೆಸಿದ್ದ ಔಷಧಿ ತೋಟದ ಹೂವು ಕಿತ್ತು ಅಲ್ಲಿನ ಕುರಿಗೆ ಗುಲಾಬಿ ಬಣ್ಣ ಹಚ್ಚಿದಳೆಂದು ತಾತ ಒಂದು ಗಂಟೆ ಮುಖ ಊದಿಸಿಕೊಂಡಿದ್ದೂ ಉಂಟು.

ಭಾನುವಾರ ಮಗ ಮನೆಯಲ್ಲಿದ್ದ. ಹುಡುಗಿ ಅವನ ಕೈಗೆ ಮೌಸ್ ಕೊಟ್ಟು, "ಅಪ್ಪಾ, ಎರಡು ನಿಮಿಷ ನೋಡ್ಕೋ, ನೀರು ಕುಡಿದು ಬರ್ತೀನಿ. ಸಾಯಿಸಬೇಡ, ವಜ್ರದ ಕತ್ತಿ ಎಲ್ಲಾ ಹೋಗುತ್ತೆ" ಎಂದು ಒಳಗೆ ಓಡಿದಳು.

ಅವಳು ಅತ್ತ ಹೋದಳೋ ಇಲ್ಲವೋ, ಇತ್ತ ಜೇಡವೊಂದು ಮೈಮೇಲೆ ಬಿತ್ತು. ಪರದೆಯ ಕೆಳಗೆ ಸಾಲಾಗಿದ್ದ ಹೃದಯಗಳು ಒಂದೊಂದೇ ಖಾಲಿಯಾದವು. ಮಗ ಹೇಗೋ ಜೇಡವನ್ನು ಕೊಂದು, ಕೈಗೆ ಸಿಕ್ಕ ಪೆಟ್ಟಿಗೆ ತೆರೆದು ಬಟ್ಟಲೆತ್ತಿ ಗಟಗಟನೆ ಕುಡಿಸಿದ. ಉಳಿದ ಹೃದಯಗಳೆಲ್ಲ ಹಸಿರಾದವು. ಆಟದ ಮನೆಯ ಬಾಗಿಲ ಹೊರಗೆ ಇನ್ನೊಂದು ಜೇಡ.

"ಅಯ್ಯಯ್ಯೋ, ಇದೇನಿದು!"

"ಹಾಲು!" ಕಾಂಪೌಂಡರು ಎದ್ದು ನಿಂತೇಬಿಟ್ಟರು. "ಎಡಗಡೆ ಪೆಟ್ಟಿಗೇಲಿ ಬಕೆಟ್ಟಿದೆ, ಹಾಲು ಕುಡಿಸು! ವಿಷ ಇಳಿಯುತ್ತೆ. ಆಮೇಲೆ ಅದರ ಪಕ್ಕದ್ದು, 'ಗಾಯಕ್ಕೆ' ಅಂತ ಇದೆ ನೋಡು. ಓದಿ ತಗೋ!"

ಹಾಲು ಕುಡಿಸಿದ್ದೇ ಹೃದಯಗಳು ಕೆಂಪಾದವು. ಪಕ್ಕದ ಬಟ್ಟಲು ಕುಡಿಸಿದ ಮೇಲೆ ಒಂದೊಂದಾಗಿ ತುಂಬಿದವು. ಕಾಂಪೌಂಡರು ಕುಳಿತು, ಕನ್ನಡಕ ತೆಗೆದು, ಪಂಚೆಯ ತುದಿಯಿಂದ ಒರೆಸತೊಡಗಿದರು.

"ಅಷ್ಟು ದಪ್ಪಕ್ಷರದಲ್ಲಿ ಬರೆಸಿದ್ದೀನಿ. ಕಾಣಲಿಲ್ವಾ?"

"ಅವಸರದಲ್ಲಿ... ನೋಡಲಿಲ್ಲ ಅಪ್ಪಾ."

"ನಿನಗೂ ವಯಸ್ಸಾಯ್ತು ಕಣಪ್ಪಾ. ನಾಳೆಯಿಂದ ಮನೇಲಿ ಆರಾಮಾಗಿರು."

ತಿಂಗಳಿಂದ ಗಂಟಲಲ್ಲೇ ಇದ್ದ ಮಾತು ಆಚೆ ಬಿದ್ದದ್ದೇ ಕಾಂಪೌಂಡರಿಗೆ ಎದೆ ಹಗುರಾಯಿತು. ಆಡಬಾರದಿತ್ತೇನೋ ಎಂದು ಕಸಿವಿಸಿಯೂ ಆಯಿತು. ಮಗನ ಕಿವಿ ಕೆಂಪಾಗಿತ್ತು. ಅವನು ನೀರು ಕುಡಿದು ಬಂದ ಮಗಳಿಗೆ ಮೌಸ್ ಒಪ್ಪಿಸಿ ಎದ್ದು ಹೋದ.

ಮರುದಿನ ಬೆಳಿಗ್ಗೆ ನೋಡಿದರೆ ಬಿಳಿ ಕೋಟು ಇಸ್ತ್ರಿಯಾಗಿ ಬಾಗಿಲ ಮೊಳೆಗೆ ತೂಗುತ್ತಿತ್ತು. ಅದರ ಜೇಬಿಗೆ, ಮಾತ್ರೆ ಹಾಕಿಕೊಡುವ ಪುಟ್ಟ ಕಾಗದದ ಕವರೊಂದನ್ನು ಪಿನ್ನು ಹಾಕಿ ಸಿಕ್ಕಿಸಲಾಗಿತ್ತು. ಮೇಲೆ ಮಗನ ಅಕ್ಷರ. ಕಾಂಪೌಂಡರು ಕನ್ನಡಕ ಸರಿಮಾಡಿಕೊಂಡು ಜೋರಾಗಿ ಓದಿದರು: "ಅಂಗಡಿ. ದಿನಕ್ಕೆ ಒಂದು ಹೊತ್ತು, ಊಟಕ್ಕೆ ಮುಂಚೆ. ಚೀಟಿ ಓದಿ ಕೊಡತಕ್ಕದ್ದು." ಓದಿದ್ದನ್ನೇ ಇನ್ನೊಂದು ಸಲ ಓದಿದರು.

"ಎಷ್ಟು ದಿನದ ಕೋರ್ಸು ತಾತ?" ಎಂದಳು ಮೊಮ್ಮಗಳು.

ಅವರು ಕವರನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಬರೆದಿಲ್ಲ" ಎಂದು ಕೋಟಿನ ತೋಳಿಗೆ ಕೈ ತೂರಿಸಿದರು. "ಬರೆದಿಲ್ಲ ಅಂದ್ರೆ ನಿಲ್ಲಿಸೋ ಹಾಗಿಲ್ಲ ಅಂತ."